ಮ್ಯಾಚ್ ಮುಗಿದ ಮೇಲೆ ಎಲೆ ಎತ್ತೋರು ಯಾರು?

2010ರ ಜನವರಿ. ಮಾನಸಗಂಗೋತ್ರಿ ಪಕ್ಕದ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್. ಎದುರಾಳಿ ಮುಂಬೈ. ನಾಲ್ಕನೇ ದಿನ ಸಂಕ್ರಾಂತಿ. ಎಳ್ಳು ಬೀರೋದನ್ನು ಮನೆಯವರಿಗೆ ಬಿಟ್ಟು ಅರ್ಧ ಮೈಸೂರು ಅಲ್ಲೇ ಇತ್ತು. ಕೂರಲು ಜಾಗ ಸಿಗದವರು ಮರ ಹತ್ತಿದ್ದರು, ಕಾಂಪೌಂಡ್ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕೊನೆಗೆ ಆರೇ ಆರು ರನ್ನಿಂದ ಸೋತೆವು. ಈಗಲೂ ಆ ಮಾತು ಬಂದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಗೇಟಿನ ಹೊರಗೆ ಒಬ್ಬ ಚುರುಮುರಿ ಗಾಡಿಯವನಿದ್ದ. ಮಧ್ಯಾಹ್ನ ಎರಡು ಗಂಟೆಗೆ ಅವನ ಪುರಿ ಮೂಟೆ ಖಾಲಿ. ತಮ್ಮನನ್ನು ಸೈಕಲ್ ಮೇಲೆ ದೇವರಾಜ ಮಾರ್ಕೆಟ್‌ಗೆ ಓಡಿಸಿದ್ದು ನನಗೆ ನೆನಪಿದೆ.

ಆ ಫೈನಲ್‌ಗೆ ಸಾರ್ವಜನಿಕರ ದುಡ್ಡು ಎಷ್ಟು ಖರ್ಚಾಯಿತು ಅಂತ ಅವತ್ತು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮೈದಾನ ಮೊದಲೇ ಇತ್ತು. ವಿಶ್ವವಿದ್ಯಾಲಯದ ಜಾಗ, ಕ್ರಿಕೆಟ್ ಸಂಸ್ಥೆಗೆ ಲೀಸ್. ಹೊಸ ರಸ್ತೆ ಮಾಡಲಿಲ್ಲ, ಸಾಲ ಎತ್ತಲಿಲ್ಲ, ಊರಿಗೆ ಬಣ್ಣ ಬಳಿಯಲಿಲ್ಲ.

ಈಗ ಕಾಲ ಬೇರೆ. ಮೈಸೂರಿಗೆ ಅಂತರರಾಷ್ಟ್ರೀಯ ಕ್ರಿಕೆಟ್ ಸ್ಟೇಡಿಯಂ ಬೇಕು ಅನ್ನೋ ಮಾತು ವರ್ಷಗಳಿಂದ ನಡೆಯುತ್ತಿದೆ. ಇಲವಾಲದ ಕಡೆ ಜಾಗದ ಮಾತೂ ಇದೆ. ಬೆಂಗಳೂರಿನ ಹೊರಗೆ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಜನ ಕೂರುವ ಸ್ಟೇಡಿಯಂ ಕಟ್ಟಲು ಸರ್ಕಾರ 2025ರಲ್ಲಿ ಒಪ್ಪಿದೆ. ಅಂದಾಜು 1,650 ಕೋಟಿ. ದೇಶದ ಮಟ್ಟದಲ್ಲಿ ನೋಡಿದರೆ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್‌ಗೂ ಭಾರತ ಕೈ ಎತ್ತಿದೆ. ಎಲ್ಲ ಕಡೆ ಒಂದೇ ಮಾತು: ಪ್ರವಾಸೋದ್ಯಮ ಬೆಳೆಯುತ್ತೆ, ಕೆಲಸ ಸಿಗುತ್ತೆ, ಊರಿನ ಹೆಸರು ಬರುತ್ತೆ.

ನಾನು ಕ್ರಿಕೆಟ್ ದ್ವೇಷಿ ಅಲ್ಲ, ಮೇಲಿನ ಕಥೆ ಓದಿದರೆ ಗೊತ್ತಾಗುತ್ತೆ. ನನ್ನ ಪ್ರಶ್ನೆ ಇಷ್ಟೇ. ನಮ್ಮ ಕಡೆ ಮದುವೆಗೆ ಹೋದರೆ ಊಟ ಯಾರು ಹಾಕಿಸಿದರು, ಛತ್ರದ ಬಾಡಿಗೆ ಯಾರು ಕೊಟ್ಟರು, ಕೊನೆಗೆ ಎಲೆ ಎತ್ತಿದವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ದೊಡ್ಡ ಕ್ರೀಡಾಕೂಟದಲ್ಲಿ ಮಾತ್ರ ಅದು ಗೊತ್ತಾಗದ ಹಾಗೆ ವ್ಯವಸ್ಥೆ ಇದೆ.

ಬಿಲ್ ಒಂದೇ ಕಡೆ ಬರೋದಿಲ್ಲ

ಒಂದು ದೊಡ್ಡ ಟಿ20 ಪಂದ್ಯ ಅಂತ ಇಟ್ಟುಕೊಳ್ಳಿ. ಟಿಕೆಟ್ ಮಾರುವುದು, ಜಾಹೀರಾತು, ಟಿವಿ ಹಕ್ಕು, ಎಲ್ಲದರ ಲೆಕ್ಕ ಆಯೋಜಕರ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಇರುತ್ತದೆ. ಅವರ ಖರ್ಚೂ ಅಲ್ಲೇ ಇರುತ್ತದೆ. ಆದರೆ ಊರು ಮಾಡುವ ಖರ್ಚು ಒಂದು ಪುಸ್ತಕದಲ್ಲಿ ಸಿಗುವುದಿಲ್ಲ. ಬಂದೋಬಸ್ತ್ ಪೊಲೀಸ್ ಇಲಾಖೆಯ ಲೆಕ್ಕ. ಕಸ ಪಾಲಿಕೆಯ ಲೆಕ್ಕ. ಹೆಚ್ಚುವರಿ ಬಸ್ಸು ಕೆಎಸ್‌ಆರ್‌ಟಿಸಿ ಲೆಕ್ಕ. ಸ್ಟೇಡಿಯಂವರೆಗೆ ಹೊಸ ಕರೆಂಟ್ ಲೈನ್ ಎಳೆದರೆ ಚೆಸ್ಕಾಂ. ರಸ್ತೆ ಅಗಲ ಮಾಡಿದರೆ ಲೋಕೋಪಯೋಗಿ. ಜಾಗ ಕಡಿಮೆ ಬಾಡಿಗೆಗೆ ಕೊಟ್ಟರೆ ಅದು ಖರ್ಚು ಅಂತಲೇ ಯಾರೂ ಬರೆಯುವುದಿಲ್ಲ. ಎಲ್ಲವೂ ಚೂರು ಚೂರು. ಯಾವ ಚೂರೂ ಹೆದರಿಕೆ ಹುಟ್ಟಿಸುವಷ್ಟು ದೊಡ್ಡದಲ್ಲ. ಒಟ್ಟು ಮಾಡಿದರೆ ಎಷ್ಟು ಅಂತ ಯಾರೂ ಒಟ್ಟು ಮಾಡೋದಿಲ್ಲ.

ಪೊಲೀಸರ ಉದಾಹರಣೆಯನ್ನೇ ತಗೊಳ್ಳಿ. ಸುಮ್ನೆ ಒಂದು ಲೆಕ್ಕ ಹಾಕೋಣ. 1,000 ಜನ ಸಿಬ್ಬಂದಿ, ತಲೆಗೆ ದಿನಕ್ಕೆ 1,500 ರೂಪಾಯಿ ಸಂಬಳ ಅಂದರೂ 15 ಲಕ್ಷ ಆಯಿತು. ಅದರ ಮೇಲೆ ವ್ಯಾನು, ಊಟದ ಪೊಟ್ಟಣ, ಬ್ಯಾರಿಕೇಡ್. ಜೊತೆಗೆ ಇನ್ನೊಂದಿದೆ, ಅದು ರೂಪಾಯಿಯಲ್ಲಿ ಕಾಣೋದಿಲ್ಲ. ಮಂಡ್ಯ, ಹಾಸನ, ಚಾಮರಾಜನಗರದಿಂದ ಸಿಬ್ಬಂದಿ ಕರೆಸಿಕೊಂಡರೆ ಆ ದಿನ ಆ ಠಾಣೆಗಳಲ್ಲಿ ಯಾರಿರುತ್ತಾರೆ? ಮಳವಳ್ಳಿಯಲ್ಲಿ ಯಾರದೋ ಪಂಪ್‌ಸೆಟ್ ಕಳುವಾದರೆ ದೂರು ತಗೊಳ್ಳೋಕೆ ಒಬ್ಬರೇ.

ಈ ಬಂದೋಬಸ್ತ್ ಖರ್ಚನ್ನು ಆಯೋಜಕರಿಂದ ವಸೂಲಿ ಮಾಡಬಹುದು. ಮಹಾರಾಷ್ಟ್ರ ಹಾಗೇ ಮಾಡುತ್ತಿತ್ತು. ಒಂದು ಟಿ20 ಪಂದ್ಯಕ್ಕೆ 70 ಲಕ್ಷದ ಆಸುಪಾಸು ದರ ಇತ್ತು. ಆದರೆ ಬಾಕಿ ಉಳಿಯಿತು. 2013ರಿಂದ 2018ರವರೆಗಿನ ಪಂದ್ಯಗಳಿಗೆ ಮುಂಬೈ ಪೊಲೀಸರಿಗೆ ಬರಬೇಕಿದ್ದ ಬಾಕಿಯೇ 14.82 ಕೋಟಿ. 2023ರಲ್ಲಿ ಸರ್ಕಾರ ದರವನ್ನು 10 ಲಕ್ಷಕ್ಕೆ ಇಳಿಸಿತು. ಇಳಿಸಿದ್ದು ಮುಂದಿನ ಪಂದ್ಯಗಳಿಗೆ ಮಾತ್ರ ಅಲ್ಲ, 2011ರಿಂದ ಪೂರ್ವಾನ್ವಯ! ಯಾರಾದರೂ ಹಳೇ ಕರೆಂಟ್ ಬಿಲ್ ಬಾಕಿ ಇಟ್ಟುಕೊಂಡು ಚೆಸ್ಕಾಂಗೆ ಹೋಗಿ ಈ ರಿಯಾಯಿತಿ ಕೇಳಿ ನೋಡಲಿ. 2024ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಹೆಚ್ಚುಕಡಿಮೆ ಇದನ್ನೇ ಕೇಳಿತು. ಕೊಳೆಗೇರಿಯವರ ನೀರಿನ ತೆರಿಗೆ ಏರಿಸುತ್ತೀರಿ, ಜಗತ್ತಿನಲ್ಲೇ ಶ್ರೀಮಂತ ಕ್ರಿಕೆಟ್ ಮಂಡಳಿಗೆ ರಿಯಾಯಿತಿ ಯಾಕೆ ಅಂತ.

ಶ್ರೀಮಂತ ಅನ್ನೋದು ಬೈಗುಳ ಅಲ್ಲ, ಲೆಕ್ಕ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿಗೆ ಮಾರಾಟವಾಯಿತು. ಪಂದ್ಯಕ್ಕೆ ಸುಮಾರು 118 ಕೋಟಿ. ಅದರ ಎದುರು ಬಂದೋಬಸ್ತಿನ 70 ಲಕ್ಷ ಅಂದರೆ ಊಟದೆಲೆಯ ತುದಿಯ ಉಪ್ಪು.

ತೆರಿಗೆ ಕಟ್ಟುತ್ತಾರಲ್ಲ ಅಂತೀರಾ? ಪ್ರೇಕ್ಷಕ ಕಟ್ಟುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲೆ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. 1,000 ರೂಪಾಯಿ ಟಿಕೆಟ್ಟಿಗೆ 400 ರೂಪಾಯಿ ತೆರಿಗೆ. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಮರುದಿನ ಬೆಳಿಗ್ಗೆ ಪೊರಕೆ ಹಿಡಿಯುವ ಪಾಲಿಕೆಯ ಖಜಾನೆಗೆ ಅದರಿಂದ ನೇರವಾಗಿ ಏನೂ ಬರುವುದಿಲ್ಲ. ಮಂಡಳಿಯ ಆದಾಯದ ವಿಷಯಕ್ಕೆ ಬಂದರೆ, ಐಪಿಎಲ್ ನಡೆಸಿದರೂ ಆದಾಯ ತೆರಿಗೆ ವಿನಾಯಿತಿ ಹೋಗಲ್ಲ ಅಂತ 2021ರಲ್ಲಿ ಆದಾಯ ತೆರಿಗೆ ನ್ಯಾಯಮಂಡಳಿ ಹೇಳಿತು.

ಕ್ರಿಕೆಟ್ ಮಂಡಳಿಯವರದು ಒಂದು ವಾದ ಇದೆ: ನಾವು ಸರ್ಕಾರದಿಂದ ಅನುದಾನ ತಗೊಳ್ಳಲ್ಲ. ನಿಜ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕ್ರೀಡಾ ಆಡಳಿತ ಮಸೂದೆ ಪಾಸು ಮಾಡುವಾಗ, ಸರ್ಕಾರದ ಹಣಸಹಾಯ ಪಡೆಯುವ ಸಂಸ್ಥೆಗಳು ಮಾತ್ರ ಮಾಹಿತಿ ಹಕ್ಕಿನಡಿ ಬರುತ್ತವೆ ಅಂತ ತಿದ್ದುಪಡಿ ಮಾಡಿದ್ದೂ ಈ ಕಾರಣಕ್ಕೇ ಇವರಿಗೆ ಅನುಕೂಲವಾಯಿತು. ಆದರೆ ಚೆಕ್ ಬರೆದುಕೊಟ್ಟರೆ ಮಾತ್ರ ಸಹಾಯವೇ? ಜಾಗ, ಪೊಲೀಸ್, ರಸ್ತೆ, ನೀರು ಇವೆಲ್ಲ ಸಹಾಯ ಅಲ್ವಾ? ಕಾನೂನಿನ ಕಣ್ಣಿಗೆ ಇದು ಕಾಣುವುದಿಲ್ಲ. ಹಾಗಾಗಿ ನಾವು ಅರ್ಜಿ ಹಾಕಿದರೂ ಇಲಾಖೆ ಇಲಾಖೆ ತಿರುಗಿ ಚೂರು ಆರಿಸಿಕೊಳ್ಳಬೇಕು.

ಮುಹೂರ್ತ ಫಿಕ್ಸ್ ಆದ ಮೇಲೆ

ಸ್ಟೇಡಿಯಂ ಕಟ್ಟುವ ಖರ್ಚು ಬೇರೆಯೇ ಕಥೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1960ರಿಂದ ಈಚಿನ ಒಲಿಂಪಿಕ್ಸ್ ಖರ್ಚುಗಳನ್ನು ಕೂಡಿಹಾಕಿ ನೋಡಿದ್ದಾರೆ. ಸರಾಸರಿ ಶೇ 172ರಷ್ಟು ಜಾಸ್ತಿ. ಅಂದರೆ 100 ರೂಪಾಯಿ ಅಂತ ಹೊರಟಿದ್ದು 272ಕ್ಕೆ ನಿಂತಿದೆ. ಅಂದಾಜಿನೊಳಗೆ ಮುಗಿದ ಕೂಟ ಒಂದೂ ಇಲ್ಲ.

ಯಾಕೆ ಹೀಗೆ? ಎಲ್ಲ ಕಡೆ ಕಳ್ಳರೇ ಇದ್ದಾರೆ ಅಂತಲ್ಲ. ಮಗಳ ಮದುವೆ ಮಾಡಿದವರಿಗೆ ಇದರ ಗುಟ್ಟು ಗೊತ್ತು. ಮುಹೂರ್ತ ಫಿಕ್ಸ್ ಆಗೋವರೆಗೆ ಅಡುಗೆಯವರ ಹತ್ತಿರ ಚೌಕಾಸಿ ಮಾಡಬಹುದು. ಲಗ್ನಪತ್ರಿಕೆ ಹಂಚಿದ ಮೇಲೆ ಅವರು ಹೇಳಿದ್ದೇ ರೇಟು. ಸೇತುವೆ ಕಟ್ಟೋದು ಆರು ತಿಂಗಳು ತಡವಾದರೆ ಜನ ಬೈದುಕೊಂಡು ಸುಮ್ಮನಾಗುತ್ತಾರೆ. ಕ್ರೀಡಾಕೂಟದ ಉದ್ಘಾಟನೆ ಒಂದು ದಿನವೂ ಮುಂದೆ ಹೋಗುವ ಹಾಗಿಲ್ಲ. ಕೊನೆಯ ವರ್ಷದಲ್ಲಿ ಟೆಂಡರ್ ನಿಯಮ ಸಡಿಲವಾಗುತ್ತದೆ, ರಾತ್ರಿ ಪಾಳಿ ಶುರುವಾಗುತ್ತದೆ, ಒಂದಕ್ಕೆರಡು ಕೊಟ್ಟು ತರಿಸುತ್ತಾರೆ. ಜೊತೆಗೆ ಪೈಪೋಟಿಯಲ್ಲಿ ಗೆಲ್ಲಬೇಕು ಅಂದರೆ ಮೊದಲ ಅಂದಾಜು ಚಿಕ್ಕದಾಗಿರಬೇಕು. ನಿಜ ಹೇಳಿದವರಿಗೆ ಕೂಟ ಸಿಗೋದಿಲ್ಲ.

ನಮ್ಮ ದೇಶದ್ದೇ ನೋಡಿ. 2010ರ ದೆಹಲಿ ಕಾಮನ್‌ವೆಲ್ತ್ ಕೂಟಕ್ಕೆ 2003ರಲ್ಲಿ ಹಾಕಿದ ಅಂದಾಜು 1,200 ಕೋಟಿ. ಕೊನೆಗೆ ಮಹಾಲೇಖಪಾಲರ ವರದಿಯಲ್ಲಿ ಬಂದ ಅಂಕಿ 18,532 ಕೋಟಿ. ಅದರಲ್ಲಿ ಮೆಟ್ರೊ, ವಿಮಾನ ನಿಲ್ದಾಣದವರು ಹಾಕಿದ ದುಡ್ಡು ಸೇರಿಲ್ಲ. ಮೊದಲ ಅಂದಾಜಿಗೂ ಕೊನೆಯದಕ್ಕೂ ನಡುವೆ ಹದಿನೈದು ಪಟ್ಟು ಅಂತರ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನೋ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದವರು ಮಾತ್ರ ಲಗ್ನಪತ್ರಿಕೆ ಹಂಚಿದ ಮೇಲೂ ಮದುವೆ ನಿಲ್ಲಿಸಿದರು. 2026ರ ಕಾಮನ್‌ವೆಲ್ತ್ ಕೂಟ ಅವರಿಗೆ ಸಿಕ್ಕಿತ್ತು. 2.6 ಬಿಲಿಯನ್ ಡಾಲರ್ ಅಂದುಕೊಂಡಿದ್ದು 6 ಬಿಲಿಯನ್ ದಾಟುತ್ತದೆ ಅಂತ ಗೊತ್ತಾದಾಗ, 2023ರ ಜುಲೈನಲ್ಲಿ ಕೈಬಿಟ್ಟರು. ಕೈಬಿಟ್ಟದ್ದಕ್ಕೇ 380 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್ ದಂಡ ಕೊಟ್ಟರು. ಸಂಬಂಧ ಬಿಡಿಸಿಕೊಳ್ಳೋಕೂ ಅಷ್ಟು ದುಡ್ಡು. ಆ ಕೂಟವನ್ನು ಗ್ಲಾಸ್ಗೋ ನಗರ ವಹಿಸಿಕೊಂಡಿತು. ಅದರ ಷರತ್ತು ಚೆನ್ನಾಗಿದೆ: ಇರುವ ನಾಲ್ಕು ಕ್ರೀಡಾಂಗಣ, ಹತ್ತೇ ಆಟ, ಹೊಸದೇನೂ ಕಟ್ಟಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಲಾಭದಲ್ಲಿ ಮುಗಿದದ್ದೂ ಹೀಗೇ. ಇದ್ದ ಸ್ಟೇಡಿಯಂಗಳನ್ನೇ ಬಳಸಿದರು. ಅವತ್ತು ಕೂಟ ಬೇಕು ಅಂತ ಕೇಳಿದ್ದ ಊರು ಬೇರೆ ಇರಲಿಲ್ಲ. ಹಾಗಾಗಿ ಒಲಿಂಪಿಕ್ ಸಮಿತಿಯ ಜೊತೆ ಚೌಕಾಸಿ ಮಾಡುವ ತಾಕತ್ತು ಅವರಿಗಿತ್ತು.

ಮಾಂಟ್ರಿಯಲ್ ಅದಕ್ಕೆ ತದ್ವಿರುದ್ಧ. 1976ರ ಒಲಿಂಪಿಕ್ಸ್ ಸಾಲ ತೀರಿದ್ದು 2006ರಲ್ಲಿ. ಸಾಲ ತೀರಿಸಲು ಸಿಗರೇಟಿನ ಮೇಲೆ ತೆರಿಗೆ ಹಾಕಿದ್ದರು. ಆಟ ನೋಡದವರು, ಆಗ ಹುಟ್ಟೇ ಇರದವರು ಮೂವತ್ತು ವರ್ಷ ಒಂದೊಂದು ದಮ್ಮಿಗೂ ಆ ಸ್ಟೇಡಿಯಂನ ಕಂತು ಕಟ್ಟಿದರು.

ಕಟ್ಟಿದ ಮೇಲೆ ಅದನ್ನು ಏನು ಮಾಡೋದು ಅನ್ನೋದು ಇನ್ನೊಂದು. ಬ್ರೆಜಿಲ್‌ನವರು 2014ರ ವಿಶ್ವಕಪ್‌ಗೆ ಬ್ರೆಸಿಲಿಯಾದಲ್ಲಿ ಭಾರಿ ಸ್ಟೇಡಿಯಂ ಕಟ್ಟಿದರು. ಆ ಊರಲ್ಲಿ ದೊಡ್ಡ ಫುಟ್‌ಬಾಲ್ ತಂಡವೇ ಇಲ್ಲ. ಮರುವರ್ಷ ಅದರ ಅಂಗಳದಲ್ಲಿ ಸಿಟಿ ಬಸ್ಸು ನಿಲ್ಲಿಸುತ್ತಿದ್ದರು. ಇಂಥದ್ದನ್ನು ಬಿಳಿ ಆನೆ ಅಂತಾರೆ. ಮೈಸೂರಿನವರಿಗೆ ಆನೆ ಸಾಕುವ ಖರ್ಚು ಹೇಳಿಕೊಡಬೇಕಿಲ್ಲ. ಆದರೆ ನಮ್ಮ ದಸರಾ ಆನೆಗಳು ಜಂಬೂಸವಾರಿ ಮುಗಿಸಿ ಲಾರಿ ಹತ್ತಿ ಕಾಡಿನ ಶಿಬಿರಕ್ಕೆ ವಾಪಸ್ ಹೋಗುತ್ತವೆ. ಕಾಂಕ್ರೀಟಿನ ಆನೆ ಹೋಗೋದಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ ಒಳ್ಳೇ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬೆಂಗಳೂರಿನ ಕೋರಮಂಗಲದಲ್ಲಿ ಆಟಗಾರರಿಗೆ ಅಂತ ಕಟ್ಟಿದ ಮನೆಗಳಲ್ಲಿ ಇವತ್ತು ಸಂಸಾರಗಳಿವೆ. ಕೂಟ ಮುಗಿದ ಮೇಲೆ ಏನಾಗಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ಹೀಗೂ ಆಗುತ್ತದೆ.

ಲಾಭದ ಲೆಕ್ಕದಲ್ಲಿ ತೂತು

"ಮ್ಯಾಚ್ ಬಂದರೆ ಊರಿಗೆ ಇಷ್ಟು ಕೋಟಿ ವ್ಯಾಪಾರ" ಅಂತ ವರದಿಗಳು ಬರುತ್ತವೆ. ಸಾಮಾನ್ಯವಾಗಿ ಆಯೋಜಕರು ದುಡ್ಡು ಕೊಟ್ಟು ಬರೆಸಿದ ವರದಿಗಳು. ಸ್ವತಂತ್ರವಾಗಿ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ರಾಬರ್ಟ್ ಬಾಡೆ, ವಿಕ್ಟರ್ ಮ್ಯಾಥೆಸನ್, ಆಂಡ್ರ್ಯೂ ಜಿಂಬಲಿಸ್ಟ್ ಥರದವರು, ಕೂಟ ಮುಗಿದ ಮೇಲೆ ಅಂಕಿ ನೋಡಿ ಹೇಳಿದ್ದು ಬೇರೆ. ಹೇಳಿದಷ್ಟು ಲಾಭ ಕಾಣೋದಿಲ್ಲ ಅಂತ.

ಅವರ ತರ್ಕವನ್ನು ಮೈಸೂರಿಗೆ ತಂದು ನೋಡೋಣ. ಕುವೆಂಪುನಗರದ ಒಂದು ಕುಟುಂಬ ನಾಲ್ಕು ಟಿಕೆಟ್ಟಿಗೆ 6,000 ಕೊಟ್ಟಿತು ಅಂದುಕೊಳ್ಳಿ. ಆ ದುಡ್ಡು ಆಕಾಶದಿಂದ ಬಿದ್ದದ್ದಲ್ಲ. ಆ ತಿಂಗಳು ಅವರು ಸಿನಿಮಾಗೆ ಹೋಗಲಿಲ್ಲ, ಭಾನುವಾರದ ಹೋಟೆಲ್ ಊಟ ಬಿಟ್ಟರು, ಮಕ್ಕಳ ಬಟ್ಟೆ ಮುಂದಕ್ಕೆ ಹಾಕಿದರು. ಊರೊಳಗಿನ ದುಡ್ಡು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು ಅಷ್ಟೇ. ಅದಕ್ಕಿಂತ ಕೆಟ್ಟದ್ದೂ ಇದೆ. ಹೋಟೆಲಿಗೆ ಕೊಟ್ಟಿದ್ದರೆ ಆ ದುಡ್ಡು ದೋಸೆ ಹಾಕುವವರಿಗೆ, ಹಾಲು ಹಾಕುವವರಿಗೆ, ನಂಜನಗೂಡಿನ ಬಾಳೆ ಬೆಳೆಗಾರರಿಗೆ ಹೋಗುತ್ತಿತ್ತು. ಟಿಕೆಟ್ ದುಡ್ಡಿನ ದೊಡ್ಡ ಪಾಲು ಫ್ರಾಂಚೈಸಿ ಮಾಲೀಕರ ಕಚೇರಿಗೆ, ಊರಾಚೆ ಹೋಗುತ್ತದೆ.

ಹೊರಗಿನಿಂದ ಬರುವವರ ಕಥೆ? ಬರುತ್ತಾರೆ, ಇಲ್ಲ ಅನ್ನೋದಿಲ್ಲ. ಆದರೆ ಮೈಸೂರಿಗೆ ಮ್ಯಾಚ್ ಇಲ್ಲದೆಯೂ ಜನ ಬರುತ್ತಾರಲ್ಲ. ದಸರಾ ರಜೆಯಲ್ಲಿ, ಡಿಸೆಂಬರ್ ಕೊನೆಯಲ್ಲಿ, ಬೇಸಿಗೆ ರಜೆಯಲ್ಲಿ ಲಾಡ್ಜ್‌ನಲ್ಲಿ ರೂಮೇ ಸಿಗೋದಿಲ್ಲ. ಆಗ ಪಂದ್ಯ ಇಟ್ಟರೆ ಅರಮನೆ ನೋಡಲು ಬರಬೇಕಾದ ಕುಟುಂಬಗಳು ರೇಟು ಕೇಳಿ ಬೇರೆ ಕಡೆ ಹೋಗುತ್ತವೆ. ಅವರ ಜಾಗಕ್ಕೆ ಕ್ರಿಕೆಟ್ ನೋಡುವವರು ಬಂದರು ಅಷ್ಟೇ. ಇನ್ನು ಬೆಂಗಳೂರಿನವರು? 118 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ ಇದೆ. ಸಂಜೆ ಬಂದು, ಮ್ಯಾಚ್ ನೋಡಿ, ರಾತ್ರಿಯೇ ವಾಪಸ್. ನಮಗೆ ಉಳಿಯೋದು ಟ್ರಾಫಿಕ್ಕು ಮತ್ತು ನೀರಿನ ಬಾಟಲಿ. ಮದ್ದೂರು ವಡೆ ಅಂಗಡಿಯವರಿಗೆ ಸ್ವಲ್ಪ ವ್ಯಾಪಾರ ಆದೀತು, ಅದೂ ಅವರು ಬೈಪಾಸ್ ಬಿಟ್ಟು ಊರೊಳಗೆ ಇಳಿದರೆ.

ಜಗತ್ತಿನ ದೊಡ್ಡ ಕೂಟಗಳಲ್ಲಿ ಈ ಹಂಚಿಕೆ ಒಪ್ಪಂದದಲ್ಲೇ ಬರೆದಿರುತ್ತದೆ. 2026ರ ಫುಟ್‌ಬಾಲ್ ವಿಶ್ವಕಪ್ ಒಪ್ಪಂದದಲ್ಲಿ ಟಿಕೆಟ್, ಪ್ರಸಾರ, ಪ್ರಾಯೋಜಕರ ದುಡ್ಡು ಫಿಫಾದ್ದು. ಭದ್ರತೆ, ಸಾರಿಗೆ ಆಯಾ ಊರಿನದ್ದು. ಕೆನಡಾದ ಟೊರಾಂಟೊ ಆರು ಪಂದ್ಯಕ್ಕೆ ಹಾಕಿಕೊಂಡ ಅಂದಾಜು 380 ಮಿಲಿಯನ್ ಕೆನಡಿಯನ್ ಡಾಲರ್. ನಮ್ಮ ದುಡ್ಡಲ್ಲಿ 2,000 ಕೋಟಿಗೂ ಮೇಲೆ. ಶಿಕಾಗೊ ನಗರ ಮಾತ್ರ 2018ರಲ್ಲೇ ಈ ಷರತ್ತುಗಳನ್ನು ನೋಡಿ ನಮಗೆ ಬೇಡ ಅಂದಿತು. ಅಲ್ಲಿನ ಜನ ಫುಟ್‌ಬಾಲ್ ನೋಡೋದನ್ನೇನೂ ಬಿಡಲಿಲ್ಲ.

ಖುಷಿಗೆ ಬೆಲೆ ಕಟ್ಟೋಕಾಗುತ್ತಾ ಅಂತ ನೀವು ಕೇಳಬಹುದು. ಇದು ಗಟ್ಟಿ ವಾದ, ನಾನು ಒಪ್ಪುತ್ತೇನೆ. ಜಾವಗಲ್ ಶ್ರೀನಾಥ್ ನಮ್ಮೂರಿನವರು ಅಂತ ಎದೆ ಉಬ್ಬಿಸಿದ ತಲೆಮಾರು ನಮ್ಮದು. 2025ರ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು, ಅಲ್ಲೇ ಭಾರತ ಕಪ್ ಎತ್ತಿತು. ಆಗ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಊರಿನ ಜನ ಒಟ್ಟಿಗೆ ಖುಷಿ ಪಡುವುದಕ್ಕೆ ಸರ್ಕಾರ ಖರ್ಚು ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ದಸರಾಕ್ಕೆ ಮಾಡೋದೂ ಅದನ್ನೇ. ಆದರೆ ಖುಷಿಗೆ ಅಂತ ಖರ್ಚು ಮಾಡುವುದಾದರೆ ಖುಷಿಗೆ ಅಂತಲೇ ಹೇಳಲಿ. ಬಂಡವಾಳ ಹೂಡಿಕೆ ಅಂತ ಹೇಳಿ ಯಾಮಾರಿಸಬಾರದು.

ಖುಷಿಗೂ ಬಿಲ್ ಬರುತ್ತದೆ ಅನ್ನೋದು 2025ರ ಜೂನ್ 4ರಂದು ಗೊತ್ತಾಯಿತು. ಹಿಂದಿನ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತ್ತು. ಹದಿನೆಂಟು ವರ್ಷ ಕಾದಿದ್ದ ಜನ. ಚಿನ್ನಸ್ವಾಮಿ ಸ್ಟೇಡಿಯಂ ಹಿಡಿಸೋದು 35,000 ಚಿಲ್ಲರೆ. ಬಂದವರು ಲಕ್ಷ ಲಕ್ಷ. ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹುಡುಗನೂ ಇದ್ದ. ಸರ್ಕಾರ ಒಬ್ಬೊಬ್ಬರ ಮನೆಗೆ 25 ಲಕ್ಷ ಪರಿಹಾರ ಘೋಷಿಸಿತು. ತಂಡದವರೂ ತಿಂಗಳುಗಳ ನಂತರ ಅಷ್ಟೇ ಕೊಡುವುದಾಗಿ ಹೇಳಿದರು. ಗೆದ್ದದ್ದು ಖಾಸಗಿ ತಂಡ. ಮೊದಲು ಪರಿಹಾರ ಬಂದದ್ದು ಖಜಾನೆಯಿಂದ, ಸಸ್ಪೆಂಡ್ ಆದದ್ದು ಪೊಲೀಸ್ ಅಧಿಕಾರಿಗಳು. ಈ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಾಗುವುದಿಲ್ಲ.

ನಮ್ಮೂರಿಗೆ ಬಂದರೆ

ಆ ದುರಂತದ ನಂತರವೇ ಮೈಸೂರಿನ ಕ್ರಿಕೆಟ್ ಮಾತು ಜೋರಾಯಿತು. 2025ರ ಆಗಸ್ಟ್ 11ರಿಂದ 28ರವರೆಗೆ ಮಹಾರಾಜ ಟ್ರೋಫಿ ಬೆಂಗಳೂರು ಬಿಟ್ಟು ಇಲ್ಲಿಗೆ ಬಂತು. ಅದೇ ಹಳೇ ಗ್ಲೇಡ್ಸ್ ಮೈದಾನ, ಈಗ ಅದಕ್ಕೆ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರು. ಇರುವ ಮೈದಾನದಲ್ಲಿ, ಹೊಸದೇನೂ ಕಟ್ಟದೆ, ಎರಡು ವಾರಕ್ಕೂ ಮೇಲೆ ಕ್ರಿಕೆಟ್ ಆಯಿತು. ಗ್ಲಾಸ್ಗೋದವರು ಮಾಡಲು ಹೊರಟದ್ದನ್ನು ನಾವು ಗೊತ್ತಿಲ್ಲದೆಯೇ ಮಾಡಿಬಿಟ್ಟೆವು.

ಈಗ ಇದಕ್ಕೆ ಸೂರ್ಯನಗರದ ಲೆಕ್ಕ ಹೋಲಿಸಿ. 1,650 ಕೋಟಿಯನ್ನು 80,000 ಸೀಟಿಗೆ ಭಾಗಿಸಿದರೆ ಒಂದು ಕುರ್ಚಿಗೆ 2 ಲಕ್ಷ ರೂಪಾಯಿಗೂ ಮೇಲೆ. ಶೇ 7ರ ಬಡ್ಡಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 115 ಕೋಟಿ, ದಿನಕ್ಕೆ 31 ಲಕ್ಷದ ಮೇಲೆ. ಐಪಿಎಲ್ ತಂಡಕ್ಕೆ ಒಂದು ಸೀಸನ್‌ನಲ್ಲಿ ತವರಿನ ಲೀಗ್ ಪಂದ್ಯ ಏಳು. ಅಂತರರಾಷ್ಟ್ರೀಯ ಪಂದ್ಯ ಮೂರು ಸೇರಿಸಿ ಹತ್ತು ಅನ್ನಿ. ಒಂದೊಂದು ಪಂದ್ಯದ ದಿನಕ್ಕೆ ಬರೀ ಬಡ್ಡಿಯೇ 11 ಕೋಟಿ. ಈ ದುಡ್ಡು ಹಾಕುತ್ತಿರುವುದು ಗೃಹ ಮಂಡಳಿ. ಮನೆ ಕಟ್ಟಿಕೊಡಲು ಅಂತ ಹುಟ್ಟಿದ ಸಂಸ್ಥೆ. ಅದಕ್ಕೂ ಅಂಥ ಲೆಕ್ಕಾಚಾರ ಇರಬಹುದು, ಸ್ಟೇಡಿಯಂ ಬಂದರೆ ಸುತ್ತಲಿನ ಸೈಟಿನ ಬೆಲೆ ಏರುತ್ತದೆ. ಏರಿದರೆ ಆ ಲಾಭ ಮಂಡಳಿಗೆ ಎಷ್ಟು, ಮೊದಲೇ ಪಕ್ಕದಲ್ಲಿ ಜಮೀನು ಕೊಂಡವರಿಗೆ ಎಷ್ಟು? ಸೈಟಿನ ವಿಷಯದಲ್ಲಿ ಮೈಸೂರಿನವರಿಗೆ ಸ್ವಲ್ಪ ಅನುಮಾನ ಜಾಸ್ತಿ. ಕಾರಣ ಮುಡಾ ಸೈಟು ಹಂಚಿಕೆಯ ಗಲಾಟೆ, ನಿಮಗೇ ಗೊತ್ತು.

ಬೆಂಗಳೂರಿನಲ್ಲೇ ಎರಡು ದೊಡ್ಡ ಸ್ಟೇಡಿಯಂ ಆದ ಮೇಲೆ, ಎರಡು ಗಂಟೆ ದಾರಿಯ ಮೈಸೂರಿಗೆ ವರ್ಷಕ್ಕೆ ಎಷ್ಟು ದೊಡ್ಡ ಪಂದ್ಯ ಬರುತ್ತದೆ? ಭಾರತ ತಂಡದ ತವರಿನ ಪಂದ್ಯಗಳು ದೇಶದ ಇಪ್ಪತ್ತಕ್ಕೂ ಹೆಚ್ಚು ಊರುಗಳಿಗೆ ಸರದಿಯಲ್ಲಿ ಹೋಗುತ್ತವೆ. ನಮ್ಮ ಸರದಿ ಬರುವಷ್ಟರಲ್ಲಿ ಕುರ್ಚಿಯ ಬಣ್ಣ ಮಾಸಿರುತ್ತದೆ. ಸಣ್ಣ ಲೀಗು, ರಣಜಿ, ಹುಡುಗ ಹುಡುಗಿಯರ ಜೂನಿಯರ್ ಪಂದ್ಯಗಳಿಗೆ 40,000 ಸೀಟು ಬೇಕಿಲ್ಲ. ಒಳ್ಳೇ ಪಿಚ್ಚು, ನೆರಳು, ಶೌಚಾಲಯ ಸಾಕು.

ನೀರಿನ ಮಾತು ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ. ಐಪಿಎಲ್ ನಡೆಯೋದು ಏಪ್ರಿಲ್, ಮೇ. ಕೆಆರ್‌ಎಸ್ ತಳ ಕಾಣುವ ತಿಂಗಳುಗಳು. 2016ರ ಬರದಲ್ಲಿ ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದಿಂದ ಹೊರಗೆ ಕಳಿಸಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಪಂದ್ಯಗಳಿಗೆ ಸಂಸ್ಕರಿಸಿದ ನೀರು ಕೊಡಬೇಕಾಯಿತು. 2023ರಂಥ ಬರದ ವರ್ಷ ಮತ್ತೆ ಬಂತು ಅನ್ನಿ. ಮಂಡ್ಯದಲ್ಲಿ ರೈತರು ವಿ.ಸಿ. ನಾಲೆಗೆ ನೀರು ಬಿಡಿ ಅಂತ ರಸ್ತೆಯಲ್ಲಿ ಕೂತಿರುವಾಗ, ಇಲವಾಲದಲ್ಲಿ ಹುಲ್ಲಿಗೆ ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ ಹೇಗಿರುತ್ತೆ? ಸಂಸ್ಕರಿಸಿದ ನೀರಿನ ಪೈಪು ಮೊದಲ ದಿನದ ನಕ್ಷೆಯಲ್ಲೇ ಇರಬೇಕು. ಆಮೇಲೆ ನೋಡೋಣ ಅನ್ನೋದು ನಡೆಯೋದಿಲ್ಲ.

ಮಂಡ್ಯದ ಮಾತು ಬಂತಲ್ಲ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ, ಜೋಡೆತ್ತಿನ ಗಾಡಿ ಓಟ ನಡೆಯುತ್ತದೆ. ಜಾಗ ಯಾರದೋ ಕೊಯ್ಲಾದ ಗದ್ದೆ. ಬಹುಮಾನ ದಾನಿಗಳದ್ದು. ಫ್ಲೆಕ್ಸ್‌ನಲ್ಲಿ ಯಾರು ಎಷ್ಟು ಕೊಟ್ಟರು ಅಂತ ಫೋಟೊ ಸಮೇತ ಇರುತ್ತದೆ. ನಾವು ಆ ಫ್ಲೆಕ್ಸ್ ನೋಡಿ ನಗುತ್ತೇವೆ. ಆದರೆ ಯಾವ ಐಪಿಎಲ್ ಪಂದ್ಯದ ಹೊರಗೂ ಅಷ್ಟು ಸ್ಪಷ್ಟವಾದ ಲೆಕ್ಕಪತ್ರ ನಾನು ನೋಡಿಲ್ಲ.

ದಸರಾ ಮುಗಿದ ಮೇಲೆ ಉಸ್ತುವಾರಿ ಸಚಿವರು ಪತ್ರಕರ್ತರನ್ನು ಕರೆದು ಖರ್ಚಿನ ಪಟ್ಟಿ ಓದುವ ರೂಢಿ ನಮ್ಮಲ್ಲಿದೆ. ದೀಪಾಲಂಕಾರಕ್ಕೆ ಎಷ್ಟು, ಕುಸ್ತಿಗೆ ಎಷ್ಟು, ಯುವ ದಸರಾಕ್ಕೆ ಎಷ್ಟು. ಪಟ್ಟಿ ಪೂರ್ತಿ ಸರಿ ಇರುತ್ತೆ ಅಂತ ಯಾರೂ ನಂಬೋದಿಲ್ಲ, ಟೀ ಅಂಗಡಿಯಲ್ಲಿ ವಾರಗಟ್ಟಲೆ ಜಗಳ ನಡೆಯುತ್ತದೆ. ಆದರೆ ಜಗಳ ಆಡೋಕೆ ಒಂದು ಹಾಳೆಯಾದರೂ ಇರುತ್ತದೆ. ಕ್ರಿಕೆಟ್‌ಗೂ ಅದೇ ಹಾಳೆ ಬೇಕು. ಪ್ರತಿ ದೊಡ್ಡ ಪಂದ್ಯದ ಮರುವಾರ ಪೊಲೀಸ್, ಪಾಲಿಕೆ, ಸಾರಿಗೆ, ವಿದ್ಯುತ್, ನೀರು ಎಲ್ಲ ಸೇರಿಸಿ ಒಟ್ಟು ಎಷ್ಟಾಯಿತು, ಅದರಲ್ಲಿ ಆಯೋಜಕರು ಎಷ್ಟು ಕಟ್ಟಿದರು, ಎಷ್ಟು ಬಾಕಿ. ಬಾಕಿ ಇದ್ದರೆ ಮುಂದಿನ ಪಂದ್ಯಕ್ಕೆ ಅನುಮತಿ ಇಲ್ಲ.

ಜಾಗದ ಲೀಸ್ ಪತ್ರಕ್ಕೆ ಸಹಿ ಬೀಳುವ ಮೊದಲೇ ಇದನ್ನೆಲ್ಲ ಬರೆಸಿಕೊಳ್ಳಬೇಕು. ಬಾಡಿಗೆ ಮಾರುಕಟ್ಟೆ ದರದಲ್ಲಾ, ಅಲ್ಲವಾ? ಅಲ್ಲ ಅಂದರೆ ಬದಲಿಗೆ ಊರಿಗೆ ಏನು ಸಿಗುತ್ತದೆ? ವರ್ಷದಲ್ಲಿ ಎಷ್ಟು ದಿನ ಸರ್ಕಾರಿ ಶಾಲೆ ಮಕ್ಕಳಿಗೆ ಆ ಮೈದಾನ ತೆರೆದಿರುತ್ತದೆ? ಟಿಕೆಟ್ಟಿನಲ್ಲಿ ಪಾಲಿಕೆಗೆ ಪಾಲು ಇದೆಯಾ? ಪಂದ್ಯ ಬಾರದೆ ಸ್ಟೇಡಿಯಂ ಖಾಲಿ ಬಿದ್ದರೆ ನಿರ್ವಹಣೆ ಯಾರದು? ಸಹಿ ಆದ ಮೇಲೆ ಕೇಳಿದರೆ ಅಡುಗೆಯವರು ಹೇಳಿದ್ದೇ ರೇಟು.

ಇನ್ನೊಂದು ಷರತ್ತು ನನ್ನ ಸ್ವಂತದ್ದು. ಬ್ರೆಜಿಲ್‌ನ ಸಾಲ್ವಡೋರ್ ಊರಲ್ಲಿ ಅಲಸಂದೆ ವಡೆಯಂಥ ಒಂದು ತಿಂಡಿ ಮಾರುವ ಹೆಂಗಸರಿದ್ದಾರೆ. ಅಕರಜೆ ಅಂತ ಅದರ ಹೆಸರು. ವಿಶ್ವಕಪ್ ಬಂದಾಗ ಪ್ರಾಯೋಜಕ ಕಂಪನಿಗಳ ತಿಂಡಿ ಬಿಟ್ಟು ಬೇರೇನೂ ಸ್ಟೇಡಿಯಂ ಹತ್ತಿರ ಮಾರಬಾರದು ಅನ್ನೋ ನಿಯಮದಿಂದ ಅವರ ಹೊಟ್ಟೆಗೆ ಕಲ್ಲು ಬೀಳುವುದರಲ್ಲಿತ್ತು. ಅವರು ಜಗಳ ಆಡಿದರು, ಸಹಿ ಸಂಗ್ರಹ ಮಾಡಿದರು, ಕೊನೆಗೆ ಸ್ಟೇಡಿಯಂ ಅಂಗಳದಲ್ಲೇ ಬಾಣಲೆ ಇಡುವ ಹಕ್ಕು ಪಡೆದರು.

ನಮ್ಮ ಚುರುಮುರಿಯವನು ಇನ್ನೂ ಇದ್ದಾನೆ, ಸಂಜೆ ಕುಕ್ಕರಹಳ್ಳಿ ಕೆರೆ ಕಡೆ ಗಾಡಿ ನಿಲ್ಲಿಸುತ್ತಾನೆ. ಹೋದ ವಾರ ಕೇಳಿದ: "ಸಾರ್, ಹೊಸ ಸ್ಟೇಡಿಯಂ ಇಲವಾಲದ ಕಡೆ ಅಂತೆ. ಅಷ್ಟು ದೂರ ತಳ್ಕೊಂಡು ಹೋದ್ರೆ ಒಳಗೆ ಗಾಡಿ ಬಿಡ್ತಾರಾ?" ಗೊತ್ತಿಲ್ಲ ಅಂದೆ. "ಗೊತ್ತಾದ್ರೆ ಹೇಳಿ" ಅಂದು, ಮಾವಿನಕಾಯಿ ತುರಿ ಸ್ವಲ್ಪ ಜಾಸ್ತಿ ಹಾಕಿ ಪೊಟ್ಟಣ ಕೈಗಿಟ್ಟ.